ಸಂಗ್ಯಾ-ಬಾಳ್ಯಾ ಸಣ್ಣಾಟ: ಪ್ರೇಕ್ಷಕ ಪ್ರತಿಕ್ರಿಯೆಯ ನೆಲೆಗಳು

ಉತ್ತರ ಕರ್ನಾಟಕದ ಬಯಲಾಟ ಪರಂಪರೆಯಲ್ಲಿ ಸಣ್ಣಾಟವು ದೊಡ್ಡಾಟಕ್ಕಿಂತ ಭಿನ್ನವಾದ ಪ್ರಕಾರ. ದೊಡ್ಡಾಟವು ರಾಮಾಯಣ, ಮಹಾಭಾರತ ಹಾಗೂ ಪುರಾಣಗಳ ವೀರಕಥೆಗಳನ್ನು ಕಿರೀಟ, ಭುಜಕೀರ್ತಿಗಳ ವೇಷದಲ್ಲಿ, ಅಬ್ಬರದ ಕುಣಿತದೊಂದಿಗೆ ಆಡಿ ತೋರಿಸುತ್ತದೆ. ಸಣ್ಣಾಟವಾದರೋ ಹಾಡು ಮತ್ತು ಆಡುಮಾತುಗಳನ್ನು ನೆಚ್ಚಿಕೊಂಡು, ಭಕ್ತಿಯ ವಸ್ತುವಿನ ಜೊತೆಗೆ ಮನೆ, ಸ್ನೇಹ, ವ್ಯಾಪಾರ, ಪ್ರೇಮ, ಹಗೆತನಗಳಂತಹ ಲೌಕಿಕ ವಸ್ತುಗಳನ್ನೂ ರಂಗಕ್ಕೆ ತಂದಿತು. ಈ ಪ್ರಕಾರದಲ್ಲಿ ಅತ್ಯಂತ ಜನಪ್ರಿಯವಾದ ಕೃತಿಗಳಲ್ಲಿ ಒಂದು 'ಸಂಗ್ಯಾ-ಬಾಳ್ಯಾ'. ಇದರ ಪಠ್ಯ, ಭಾಷೆ, ಧಾಟಿ, ಕರ್ತೃತ್ವಗಳನ್ನು ಕುರಿತು ನಮ್ಮ ಜಾನಪದ ವಿದ್ವಾಂಸರು ಸಾಕಷ್ಟು ಚರ್ಚಿಸಿದ್ದಾರೆ. ಆದರೆ ಆಟವನ್ನು ಇರುಳೆಲ್ಲ ಕುಳಿತು ನೋಡುವ ಜನ ಅದಕ್ಕೆ ಹೇಗೆ ಪ್ರತಿಕ್ರಿಯಿಸುತ್ತಾರೆ ಎಂಬ ಪ್ರಶ್ನೆಗೆ ಆ ಪ್ರಮಾಣದ ಗಮನ ದೊರೆತಿಲ್ಲ. ಒಡೆದ ಸಂಸಾರವೊಂದರ ಕಥೆಯನ್ನು ಸಮುದಾಯವೊಂದು ನೋಡುವ ಕ್ರಮವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಮುಗ್ಧತೆಯ ಕಲ್ಪನೆ

ಜನಪದ ರಂಗಭೂಮಿಯ ಪ್ರೇಕ್ಷಕನನ್ನು ಕುರಿತು ನಮ್ಮ ಬರಹಗಳಲ್ಲಿ ಎರಡು ಮಾತುಗಳು ಮತ್ತೆ ಮತ್ತೆ ಬರುತ್ತವೆ. ಅವನು ಮುಗ್ಧ, ಆಟವನ್ನೇ ನಿಜವೆಂದು ನಂಬುತ್ತಾನೆ ಎಂಬುದು ಮೊದಲನೆಯದು. ನಟನಿಗೂ ಅವನಿಗೂ ಅಂತರವೇ ಇಲ್ಲ, ಇಬ್ಬರೂ ಒಂದೇ ಅನುಭವದಲ್ಲಿ ಕರಗಿಹೋಗುತ್ತಾರೆ ಎಂಬುದು ಎರಡನೆಯದು. ಮೊದಲನೆಯದು ನಗರದ ವಿದ್ಯಾವಂತರ ಔದಾರ್ಯದಿಂದ ಹುಟ್ಟಿದ ಮಾತು. ಎರಡನೆಯದು ಜಾನಪದದ ಮೇಲಿನ ಅಭಿಮಾನದಿಂದ ಹುಟ್ಟಿದ್ದು. 'ಸಂಗ್ಯಾ-ಬಾಳ್ಯಾ'ದ ಮಟ್ಟಿಗೆ ಇವೆರಡೂ ನಿಲ್ಲುವುದಿಲ್ಲ.

ಕಥೆಯ ಎಳೆ ಸರಳವಾದದ್ದು. ಈರಣ್ಣ ಉಳ್ಳವರ ಮನೆಯ ವ್ಯಾಪಾರಿ. ಅವನ ಹೆಂಡತಿ ಗಂಗಿ. ಸಂಗ್ಯಾ ಅವಳಿಗೆ ಮನಸೋಲುತ್ತಾನೆ. ಬಾಳ್ಯಾ ಸಂಗ್ಯಾನ ಜೀವದ ಗೆಳೆಯ. ನಡುವೆ ಓಡಾಡುವ ಮುದುಕಿಯೊಬ್ಬಳ ನೆರವಿನಿಂದ, ಗಂಡ ವ್ಯಾಪಾರಕ್ಕೆಂದು ಊರು ಬಿಟ್ಟಾಗ, ಸಂಗ್ಯಾ-ಗಂಗಿಯರ ಸಂಬಂಧ ಬೆಳೆಯುತ್ತದೆ. ವಿಷಯ ಮನೆಯವರಿಗೆ ತಿಳಿಯುತ್ತದೆ. ಕೊನೆಗೆ ಬಾಳ್ಯಾನೇ ಗೆಳೆಯನನ್ನು ಒಪ್ಪಿಸುತ್ತಾನೆ; ಸಂಗ್ಯಾನ ಕೊಲೆಯಾಗುತ್ತದೆ. ಬ್ರಿಟಿಷ್ ಆಳ್ವಿಕೆಯ ಕಾಲದಲ್ಲಿ ಈಗಿನ ಬೆಳಗಾವಿ ಜಿಲ್ಲೆಯ ಬೈಲಹೊಂಗಲದ ಪರಿಸರದಲ್ಲಿ ನಡೆದ ಘಟನೆಯೊಂದು ಇದಕ್ಕೆ ಆಧಾರವೆಂಬುದು ಜನರೂ ವಿದ್ವಾಂಸರೂ ಹೇಳುತ್ತ ಬಂದಿರುವ ಸಂಗತಿ.

ಈ ಕಥೆಯನ್ನು ಅರಿಯದೆ ಆಟಕ್ಕೆ ಬರುವವರು ವಿರಳ. ಕೊಲೆಯಾಗುವವನು ಯಾರು, ಕೊಲ್ಲಿಸುವವನು ಯಾರು ಎಂಬುದು ಮೊದಲ ಹಾಡಿಗಿಂತ ಮುಂಚೆಯೇ ಎಲ್ಲರಿಗೂ ಗೊತ್ತಿರುತ್ತದೆ. ಮುಂದೇನಾದೀತೆಂಬ ಕುತೂಹಲಕ್ಕೆ ಅಲ್ಲಿ ಎಡೆಯಿಲ್ಲದಿರುವುದರಿಂದ ಪ್ರೇಕ್ಷಕರ ಗಮನವೆಲ್ಲ ಬೇರೊಂದೆಡೆ ಹರಿಯುತ್ತದೆ. ಯಾವ ಗಳಿಗೆಯಲ್ಲಿ ಯಾರು ತಪ್ಪಿದರು? ಯಾರು ತಡೆಯಬಹುದಿತ್ತು? ತಡೆಯದೆ ಉಳಿದವರಾರು? ಈ ಪ್ರಶ್ನೆಗಳನ್ನು ಕೇಳುವ ಪ್ರೇಕ್ಷಕ ಮುಗ್ಧನೂ ಅಲ್ಲ, ಆಟದೊಳಗೆ ಕರಗಿಹೋದವನೂ ಅಲ್ಲ. ಅವನು ಪಂಚಾಯತಿಯ ಕಟ್ಟೆಯ ಮೇಲೆ ಕುಳಿತವನಂತೆ ವಿಚಾರಣೆ ನಡೆಸುತ್ತಿರುತ್ತಾನೆ.

2. ಶಾಸ್ತ್ರದ ಬೆಳಕಿನಲ್ಲಿ

ಪ್ರೇಕ್ಷಕರ ಪ್ರತಿಕ್ರಿಯೆಯನ್ನು ಪ್ರದರ್ಶನದ ಅಂಗವೆಂದೇ ಪರಿಗಣಿಸಿದ ಪ್ರಾಚೀನ ಗ್ರಂಥ ಭರತನ ನಾಟ್ಯಶಾಸ್ತ್ರ. ಅದರ 27ನೆಯ ಅಧ್ಯಾಯವು ನಾಟ್ಯದ 'ಸಿದ್ಧಿ'ಯನ್ನು ದೈವೀ ಮತ್ತು ಮಾನುಷೀ ಎಂದು ಎರಡಾಗಿ ವಿಂಗಡಿಸುತ್ತದೆ. ಮಾನುಷೀ ಸಿದ್ಧಿ ಮಾತಿನ ಮೂಲಕವೂ ಶರೀರದ ಮೂಲಕವೂ ತೋರುತ್ತದೆ. ಮುಗುಳ್ನಗೆ, ಅರೆನಗು, ಜೋರು ನಗು, 'ಸಾಧು', 'ಅಹೋ', 'ಕಷ್ಟಂ' ಎಂಬ ಉದ್ಗಾರಗಳು ಮೊದಲನೆಯ ಬಗೆಗೆ ಸೇರಿದರೆ, ರೋಮಾಂಚನಗೊಳ್ಳುವುದು, ಎದ್ದುನಿಲ್ಲುವುದು, ವಸ್ತ್ರ ನೀಡುವುದು, ಉಂಗುರ ಎಸೆಯುವುದು ಎರಡನೆಯ ಬಗೆಗೆ ಸೇರುತ್ತವೆ. ಸದ್ದಿಲ್ಲದ ಮತ್ತು ಸದ್ದಿನ, ಕೈಬರಿದಾದ ಮತ್ತು ಕಾಣಿಕೆಯ ಪ್ರತಿಕ್ರಿಯೆಗಳನ್ನು ಹೀಗೆ ಬೇರ್ಪಡಿಸಿ ನೋಡುವ ಕ್ರಮ ಸಣ್ಣಾಟದ ಅಧ್ಯಯನಕ್ಕೂ ಉಪಯುಕ್ತವಾಗಿದೆ.

ಆದರೆ ಶಾಸ್ತ್ರಪರಂಪರೆಯ ಮತ್ತೊಂದು ಮಾತು ಇಲ್ಲಿ ಅನ್ವಯವಾಗುವುದಿಲ್ಲ. ಪ್ರೇಕ್ಷಕನು ತನ್ನ ಸ್ವಂತ ಸುಖದುಃಖಗಳಲ್ಲಿ ಸಿಲುಕಿಕೊಂಡಿರುವುದು ರಸಾನುಭವಕ್ಕೆ ವಿಘ್ನವೆಂದು ಅಭಿನವಗುಪ್ತನು ಹೇಳುತ್ತಾನೆ. ಪಾತ್ರವು ತನ್ನದೂ ಅಲ್ಲ, ಪರರದೂ ಅಲ್ಲ ಎಂಬ ಸಾಧಾರಣೀಕರಣ ಆಗಬೇಕು. 'ಸಂಗ್ಯಾ-ಬಾಳ್ಯಾ' ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆಯುತ್ತದೆ. ಅದರ ಊರು ಹತ್ತಿರದ್ದು, ಭಾಷೆ ಮನೆಯದು, ಈರಣ್ಣನಂಥ ವ್ಯಾಪಾರಿ, ಬಾಳ್ಯಾನಂಥ ಗೆಳೆಯ ಪ್ರತಿಯೊಂದು ಊರಲ್ಲೂ ಇದ್ದಾರೆ. ಪುರಾಣದ ದೂರವಿಲ್ಲದ ಈ ಕಥೆಯಲ್ಲಿ ಸ್ವಂತದ ಸುಖದುಃಖಗಳೇ ಪ್ರತಿಕ್ರಿಯೆಯ ಮೂಲದ್ರವ್ಯ. ಶಾಸ್ತ್ರವು ವಿಘ್ನವೆಂದದ್ದು ಇಲ್ಲಿ ಆಟದ ಬಂಡವಾಳವಾಗಿದೆ.

3. ಆಯೇರು: ಮೆಚ್ಚುಗೆ ಮತ್ತು ತೀರ್ಪು

ಉತ್ತರ ಕರ್ನಾಟಕದ ಆಟಗಳಲ್ಲಿ ಪ್ರೇಕ್ಷಕರ ಪ್ರತಿಕ್ರಿಯೆ ಕಣ್ಣಿಗೆ ಕಾಣುವಂತೆ ಒಡಮೂಡುವುದು ಆಯೇರಿನಲ್ಲಿ. ಮೆಚ್ಚಿದವರು ಹಣವನ್ನೋ ಬಟ್ಟೆಯನ್ನೋ ಕಲಾವಿದರಿಗೆ ಕೊಡುತ್ತಾರೆ. ಆಟವನ್ನು ಅರೆಗಳಿಗೆ ನಿಲ್ಲಿಸಿ ಕೊಟ್ಟವರ ಹೆಸರು, ಊರುಗಳನ್ನು ಸಾರಲಾಗುತ್ತದೆ. ನಾಟ್ಯಶಾಸ್ತ್ರ ಹೇಳುವ ವಸ್ತ್ರದಾನದ ಜೀವಂತ ರೂಪವಿದು. ಇದನ್ನು ಆಟಕ್ಕೆ ಅಡ್ಡಬರುವ ತೊಡಕು ಎಂದು ಭಾವಿಸುವವರೂ ಇದ್ದಾರೆ. ಧ್ವನಿಮುದ್ರಣ ಮಾಡುವವರು ಆಯೇರಿನ ಹೊತ್ತಿಗೆ ಯಂತ್ರ ನಿಲ್ಲಿಸುವುದು, ಮುದ್ರಿತ ಪಠ್ಯಗಳಲ್ಲಿ ಅದರ ಸುಳಿವೂ ಉಳಿಯದಿರುವುದು ಈ ಭಾವನೆಯ ಫಲ.

ಆಯೇರು ಎಲ್ಲಿ ಬೀಳುತ್ತದೆ, ಯಾರಿಗೆ ಬೀಳುತ್ತದೆ ಎಂಬುದನ್ನು ಗಮನಿಸಿದರೆ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಪ್ರೇಕ್ಷಕರು ಪಾತ್ರವನ್ನೂ ಪಾತ್ರಧಾರಿಯನ್ನೂ ಬೇರೆ ಬೇರೆಯಾಗಿಯೇ ಕಾಣುತ್ತಾರೆ. ಬಾಳ್ಯಾನ ಪಾತ್ರವನ್ನು ಬೈಯುವ ಬಾಯಿಯೇ ಆ ಪಾತ್ರ ಮಾಡಿದವನ ಹಾಡನ್ನು ಹೊಗಳಿ ಆಯೇರು ಮಾಡಿಸುತ್ತದೆ. ಆಟವನ್ನೇ ನಿಜವೆಂದು ನಂಬುವವನಿಂದ ಈ ವಿಂಗಡಣೆ ಸಾಧ್ಯವಿಲ್ಲ. ಎರಡನೆಯದಾಗಿ, ಆಯೇರು ಕೊಟ್ಟವನ ಹೆಸರು ಊರಿನ ಮುಂದೆ ಘೋಷಿತವಾಗುವುದರಿಂದ ಅದು ಖಾಸಗಿ ಮೆಚ್ಚುಗೆಯಾಗಿ ಉಳಿಯುವುದಿಲ್ಲ. ಹಾದರದ ಸನ್ನಿವೇಶದ ಶೃಂಗಾರದ ಹಾಡಿಗೆ ಹಿರಿಯನೊಬ್ಬ ತನ್ನ ಹೆಸರಿನಲ್ಲಿ ಆಯೇರು ಮಾಡಿಸುವಾಗ ಅವನು ತಾನು ಮೆಚ್ಚಿದ್ದು ಹಾಡನ್ನು ಎಂಬ ಒಪ್ಪಂದವನ್ನು ಊರು ಮೌನವಾಗಿ ಅಂಗೀಕರಿಸಿರುತ್ತದೆ. ಹಗಲಿನಲ್ಲಿ ಆಡಲಾರದ ಮಾತಿಗೆ ಇರುಳಿನ ರಂಗ ಕೊಡುವ ರಕ್ಷೆ ಇದು.

4. ಬಾಳ್ಯಾನ ಅಪರಾಧ

ಆಟದಲ್ಲಿ ಮೂರು ತಪ್ಪುಗಳಿವೆ: ಹಾದರ, ಮಿತ್ರದ್ರೋಹ, ಕೊಲೆ. ಕಾನೂನಿನ ಲೆಕ್ಕದಲ್ಲಿ ಕೊಲೆ ದೊಡ್ಡದು. ಮನೆತನದ ಮರ್ಯಾದೆಯ ಲೆಕ್ಕದಲ್ಲಿ ಹಾದರ ದೊಡ್ಡದು. ಪ್ರೇಕ್ಷಕರ ಉದ್ಗಾರಗಳಾದರೋ ಮಿತ್ರದ್ರೋಹದ ಸುತ್ತ ಹೆಚ್ಚು ತೀವ್ರವಾಗುತ್ತವೆ. ಕೃತಿಯ ಹೆಸರೇ ಇದಕ್ಕೆ ಸಾಕ್ಷಿ. ಒಂದು ದಾಂಪತ್ಯ ಮುರಿದ ಕಥೆಗೆ ಗಂಡನ ಹೆಸರೂ ಇಲ್ಲ, ಹೆಂಡತಿಯ ಹೆಸರೂ ಇಲ್ಲ. ಇಬ್ಬರು ಗೆಳೆಯರ ಹೆಸರು ನಿಂತಿದೆ.

ಇದಕ್ಕೆ ಸಾಮಾಜಿಕ ಕಾರಣವಿದೆ. ಬೆಳವಲದ ಒಕ್ಕಲುತನದಲ್ಲಿ ಎತ್ತು, ಗಳೆ, ಆಳುಗಳನ್ನು ಒಬ್ಬರಿಗೊಬ್ಬರು ಕೊಟ್ಟು ತೆಗೆದುಕೊಳ್ಳುವ ಮುಯ್ಯಿಯ ಬದುಕು ನಂಬಿಕೆಯ ಮೇಲೆ ನಿಂತದ್ದು. ರಕ್ತಸಂಬಂಧದ ಕಟ್ಟು ಹುಟ್ಟಿನಿಂದ ಬರುತ್ತದೆ. ಗೆಳೆತನದ ಕಟ್ಟು ಮಾತಿನಿಂದ ಬರುತ್ತದೆ. ಮಾತಿನ ಕಟ್ಟು ಹರಿದರೆ ಅದನ್ನು ಮತ್ತೆ ಬೆಸೆಯಲು ಯಾವ ಕಟ್ಟಳೆಯೂ ಇಲ್ಲ. ಆದ್ದರಿಂದಲೇ ಬಾಳ್ಯಾ ಅಳುಕುವ ಗಳಿಗೆಯಲ್ಲಿ ಪ್ರೇಕ್ಷಕ ಸಮೂಹದ ಗುಜುಗುಜು ಹೆಚ್ಚುತ್ತದೆ, ಅವನು ಒಪ್ಪಿಕೊಂಡಮೇಲೆ ಬೈಗುಳ ಕೇಳಿಬರುತ್ತದೆ. ಕೊಲೆಯ ಸನ್ನಿವೇಶಕ್ಕೆ ಮಾತ್ರ ನಾಟ್ಯಶಾಸ್ತ್ರದ 'ಕಷ್ಟಂ' ಎಂಬುದಕ್ಕೆ ಸಮನಾದ ಲೊಚಗುಟ್ಟುವಿಕೆ, ಬಳಿಕ ಮೌನ.

ಈ ಮೌನವನ್ನು ಕರುಣರಸವೆಂದು ಕರೆದು ಮುಂದೆ ಸಾಗುವುದು ಸುಲಭ. ಆದರೆ ಅದರಲ್ಲಿ ಒಪ್ಪಿಗೆಯ ಪಾಲು ಎಷ್ಟು ಎಂಬುದನ್ನೂ ಕೇಳಬೇಕಾಗುತ್ತದೆ. ದ್ರೋಹಿಯನ್ನು ಬೈದವರು ಕೊಂದವರನ್ನು ಬೈಯುವುದು ಕಡಿಮೆ. ಮನೆತನದ ಮರ್ಯಾದೆಗಾಗಿ ನಡೆದ ಕೊಲೆ ಅನಿವಾರ್ಯವೆಂಬ ಭಾವ ಆ ಮೌನದಲ್ಲಿ ಅಡಗಿದ್ದರೆ, ಅದನ್ನು ಜನಪದದ ವಿವೇಕವೆಂದು ಕೊಂಡಾಡುವುದು ಸಂಶೋಧಕನಿಗೆ ಸಲ್ಲದು.

5. ಗಂಗಿಯ ಪ್ರಶ್ನೆ

ವಿಚಾರಣೆಯಲ್ಲಿ ಅತ್ಯಂತ ಕಡಿಮೆ ಕೇಳಿಸುವುದು ಗಂಗಿಯ ಪಕ್ಷ. ಕೊಲೆಯ ಸುತ್ತ ಕಟ್ಟಿಕೊಂಡ ಕಥೆಗೆ ಅವಳ ಮುಂದಿನ ಬದುಕಿನ ಬಗ್ಗೆ ಹೆಚ್ಚಿನ ಕಾಳಜಿಯಿಲ್ಲ. ಬಯಲಿನಲ್ಲಿ ಗಂಡಸರು ಅಟ್ಟದ ಮುಂದೆ, ಹೆಂಗಸರು ಒಂದು ಬದಿಗೆ ಅಥವಾ ಮನೆಗಳ ಕಟ್ಟೆಯ ಮೇಲೆ ಕುಳಿತುಕೊಳ್ಳುವುದು ವಾಡಿಕೆ. ಉದ್ಗಾರ, ಸೀಟಿ, ಆಯೇರುಗಳು ಬಹುಪಾಲು ಮುಂದಿನವರಿಂದ ಬರುತ್ತವೆ, ದಾಖಲಾಗುವುದೂ ಅವೇ. ಹೆಂಗಸರ ಪ್ರತಿಕ್ರಿಯೆ ಮಾತ್ರ ಮಗ್ಗುಲಿನವಳ ಕಿವಿಗಷ್ಟೇ ಬಿದ್ದು, ಮರುದಿನ ನೀರಿನ ಬಳಿ, ಹೊಲದ ಕಸ ತೆಗೆಯುವ ಸಾಲಿನಲ್ಲಿ ಪೂರ್ತಿಯಾಗುತ್ತದೆ. ಗಂಡ ಊರೂರು ತಿರುಗುವ ಮನೆಯಲ್ಲಿ ಒಬ್ಬಂಟಿಯಾದ ಹೆಣ್ಣಿನ ಪಾಡು ಅಲ್ಲಿ ಮಾತಿಗೆ ಬರುತ್ತದೆ. ಮಧ್ಯಸ್ಥಿಕೆಯ ಮುದುಕಿಯ ಮೇಲಿನ ಸಿಟ್ಟೂ ಬರುತ್ತದೆ. ಗಂಗಿಯನ್ನು ಕುಲಟೆಯೆಂದು ಒಂದೇ ಮಾತಿನಲ್ಲಿ ಮುಗಿಸುವ ತೀರ್ಪು ಅಟ್ಟದ ಮುಂದಿನದೇ ಹೊರತು ಇಡೀ ಊರಿನದಲ್ಲ.

ಇದಕ್ಕೆ ಪಾತ್ರಧಾರಿಣಿಯ ಪ್ರಶ್ನೆಯೂ ಸೇರಿಕೊಂಡಿದೆ. ಗಂಡಸರೇ ಸ್ತ್ರೀವೇಷ ಹಾಕುತ್ತಿದ್ದ ಕಾಲದಲ್ಲಿ ಗಂಗಿಯ ಕಳಂಕ ವೇಷದೊಂದಿಗೆ ಕಳಚಿಹೋಗುತ್ತಿತ್ತು. ಕಲಾವಿದೆಯರು ರಂಗಕ್ಕೆ ಬಂದಮೇಲೆ ಅತಿ ಹೆಚ್ಚು ಆಯೇರು ಗಂಗಿಯ ಪಾತ್ರಕ್ಕೆ ಸಲ್ಲತೊಡಗಿದಂತೆ, ಪಾತ್ರದ ಅಪವಾದವೂ ಪಾತ್ರಧಾರಿಣಿಯ ಬೆನ್ನು ಹತ್ತಿತು. ಬಾಳ್ಯಾನ ಪಾತ್ರದವನಿಗೆ ಸಿಗುವ ವಿಂಗಡಣೆಯ ನ್ಯಾಯ, ಅಂದರೆ ಪಾತ್ರ ಬೇರೆ ಕಲಾವಿದ ಬೇರೆ ಎಂಬ ತಿಳಿವಳಿಕೆ, ಅವಳಿಗೆ ಪೂರ್ಣವಾಗಿ ದೊರೆಯಲಿಲ್ಲ. ಪ್ರೇಕ್ಷಕರ ವಿವೇಕ ಎಲ್ಲಿಯವರೆಗೆ ಚಾಚುತ್ತದೆ, ಎಲ್ಲಿ ನಿಂತುಬಿಡುತ್ತದೆ ಎಂಬುದಕ್ಕೆ ಇದಕ್ಕಿಂತ ಖಚಿತವಾದ ಅಳತೆಗೋಲು ಬೇರೊಂದಿಲ್ಲ.

6. ಎರಡು ಹೋಲಿಕೆಗಳು

ಪ್ರೇಕ್ಷಕರ ಒತ್ತಡ ಕೃತಿಯನ್ನೇ ಬದಲಿಸಿದ ನಿದರ್ಶನಗಳು ರಂಗಭೂಮಿಯ ಚರಿತ್ರೆಯಲ್ಲಿವೆ. ನಾರ್ವೆಯ ಹೆನ್ರಿಕ್ ಇಬ್ಸೆನ್‌ನ 'ಎ ಡಾಲ್ಸ್ ಹೌಸ್' 1879ರಲ್ಲಿ ಕೋಪನ್‌ಹೇಗನ್‌ನಲ್ಲಿ ಮೊದಲು ಪ್ರದರ್ಶಿತವಾಯಿತು. ಗಂಡನನ್ನೂ ಮಕ್ಕಳನ್ನೂ ಬಿಟ್ಟು ಹೊರನಡೆಯುವ ನೋರಾಳ ಪಾತ್ರ ಯೂರೋಪಿನ ಮನೆಮನೆಗಳಲ್ಲಿ ವಾದಕ್ಕೆ ಎಡೆಮಾಡಿತು. 1880ರಲ್ಲಿ ಜರ್ಮನಿಯ ನಟಿ ಹೆಡ್‌ವಿಗ್ ನೀಮನ್-ರಾಬೆ ಆ ಅಂತ್ಯವನ್ನು ಅಭಿನಯಿಸಲು ಒಪ್ಪಲಿಲ್ಲ. ಬೇರೆಯವರು ತಿದ್ದುವುದಕ್ಕಿಂತ ತಾನೇ ತಿದ್ದುವುದು ಲೇಸೆಂದು ಇಬ್ಸೆನ್ ಮನಸ್ಸಿಲ್ಲದ ಮನಸ್ಸಿನಿಂದ, ನೋರಾ ಮನೆಯಲ್ಲೇ ಉಳಿಯುವ ಅಂತ್ಯವೊಂದನ್ನು ಬರೆದುಕೊಟ್ಟನು. ಲಿಖಿತ ನಾಟಕದಲ್ಲಿ ಅಸಮ್ಮತಿಯು ಹೀಗೆ ಅಂತ್ಯವನ್ನು ತಿದ್ದಿಸುತ್ತದೆ. ಸಣ್ಣಾಟದಲ್ಲಿ ಅಂತ್ಯ ಹಾಗೆಯೇ ಉಳಿಯುತ್ತದೆ. ಅಸಮ್ಮತಿ ಉದ್ಗಾರವಾಗಿ, ಮರುದಿನದ ಮಾತಾಗಿ ಪಠ್ಯದ ಸುತ್ತ ಬೆಳೆಯುತ್ತದೆ.

ಎರಡನೆಯ ಹೋಲಿಕೆ ನಮ್ಮದೇ. ಬಯಲಾಟದ ಕಸುವನ್ನು ಆಧುನಿಕ ರಂಗಭೂಮಿಗೆ ತಂದ ಚಂದ್ರಶೇಖರ ಕಂಬಾರರ 'ಜೋಕುಮಾರಸ್ವಾಮಿ' 1972ರಲ್ಲಿ ಬಿ.ವಿ. ಕಾರಂತರ ನಿರ್ದೇಶನದಲ್ಲಿ ಬೆಂಗಳೂರಿನಲ್ಲಿ ಪ್ರಯೋಗಗೊಂಡಿತು. ಅಲ್ಲಿಯೂ ಗಂಡ, ಹೆಂಡತಿ, ಪರಪುರುಷ ಎಂಬ ತ್ರಿಕೋನವಿದೆ, ಪರಪುರುಷನ ಕೊಲೆಯಿದೆ. ಆದರೆ ಗೌಡನ ಬಂಜೆತನ ಹಾಗೂ ಭೂಮಿಯ ಒಡೆತನದ ಪ್ರಶ್ನೆಗಳು ಸೇರಿ ನೋಡುಗರ ಸಹಾನುಭೂತಿ ಗೌಡತಿಯ ಮತ್ತು ಬಸಣ್ಣನ ಕಡೆಗೆ ತಿರುಗುತ್ತದೆ. ಬಯಲಿನ ಪ್ರೇಕ್ಷಕರು ಗಂಗಿಗೆ ಬಾಯಿಬಿಟ್ಟು ಕೊಡದ ಕ್ಷಮೆಯನ್ನು ಈ ನಾಟಕ ಗೌಡತಿಗೆ ಕೊಟ್ಟಿತು. ಆದರೆ ರಂಗಮಂದಿರದ ಕತ್ತಲಲ್ಲಿ ಸಾಲಾಗಿ ಕುಳಿತವರು ಆಟದ ನಡುವೆ ಬೈಯಲಾರರು, ಆಯೇರು ಮಾಡಲಾರರು. ಕೊನೆಯ ಚಪ್ಪಾಳೆಯೊಂದರಲ್ಲಿ ತಮ್ಮ ಎಲ್ಲ ಅಭಿಪ್ರಾಯವನ್ನೂ ಅಡಕಮಾಡಬೇಕು. ತೀರ್ಪನ್ನು ನಾಟಕಕಾರನೇ ಕೊಟ್ಟಾಗ ಪ್ರೇಕ್ಷಕನಿಗೆ ಉಳಿಯುವುದು ಒಪ್ಪಿಗೆ ಮಾತ್ರ.

7. ಅಧ್ಯಯನದ ಹೊಣೆ

ಮೇಲಿನ ಚರ್ಚೆಯಿಂದ ಸಂಪಾದನೆ ಮತ್ತು ಕ್ಷೇತ್ರಕಾರ್ಯಗಳಿಗೆ ಸಂಬಂಧಿಸಿದ ಕೆಲವು ಸೂಚನೆಗಳು ಹೊರಡುತ್ತವೆ. ಸಣ್ಣಾಟದ ಪಠ್ಯವನ್ನು ಪ್ರಕಟಿಸುವಾಗ ಹಾಡು, ಮಾತುಗಳ ಜೊತೆಗೆ ಆಯೇರು ಎಲ್ಲಿ ಬಂತು, ನಗು ಎಲ್ಲಿ ಎದ್ದಿತು, ಮೌನ ಎಲ್ಲಿ ಆವರಿಸಿತು ಎಂಬುದನ್ನು ಅಂಚಿನಲ್ಲಿ ಗುರುತಿಸಬೇಕು. ದೃಶ್ಯಮುದ್ರಣ ಮಾಡುವಾಗ ಒಂದು ಯಂತ್ರ ರಂಗದ ಕಡೆಗಿದ್ದರೆ ಇನ್ನೊಂದು ಜನರ ಕಡೆಗಿರಬೇಕು. ಅದಕ್ಕೆ ಅವರ ಒಪ್ಪಿಗೆಯಿರಬೇಕು. ಮರುದಿನದ ಮಾತುಗಳನ್ನು, ವಿಶೇಷವಾಗಿ ಹೆಂಗಸರ ಮಾತುಗಳನ್ನು, ಮಹಿಳಾ ಸಂಶೋಧಕರ ನೆರವಿನಿಂದ ಸಂಗ್ರಹಿಸಬೇಕು. ಇದು ನಿಜ ಘಟನೆಯೊಂದರ ನೆರಳಿನಲ್ಲಿ ಬೆಳೆದ ಕಥೆಯಾದ್ದರಿಂದ, ಆ ಹೆಸರುಗಳನ್ನು ಹೊತ್ತ ಮನೆತನಗಳನ್ನು ಹುಡುಕಿ ಪ್ರಶ್ನಿಸುವ ಉತ್ಸಾಹವನ್ನು ತಡೆಹಿಡಿಯುವುದೂ ಸಂಶೋಧನಾ ಶಿಸ್ತಿನ ಭಾಗವೇ ಆಗಿದೆ.

ಒಟ್ಟಿನಲ್ಲಿ 'ಸಂಗ್ಯಾ-ಬಾಳ್ಯಾ'ದ ಪ್ರೇಕ್ಷಕರು ಕಥೆಯನ್ನು ನಂಬಿ ಅಳುವ ಸಮೂಹವಲ್ಲ. ತಪ್ಪುಗಳನ್ನು ತೂಗಿ, ಹೊಣೆಯನ್ನು ಹಂಚುವ ಸಮುದಾಯ. ಆ ತಕ್ಕಡಿಯಲ್ಲಿ ಗೆಳೆತನದ ದ್ರೋಹ ಭಾರವಾಗಿ ತೂಗುತ್ತದೆ, ಮರ್ಯಾದೆಯ ಹೆಸರಿನ ಕೊಲೆ ಹಗುರಾಗುತ್ತದೆ, ಹೆಣ್ಣಿನ ಮಾತು ತಕ್ಕಡಿಗೇ ಬರುವುದಿಲ್ಲ. ಈ ಮೂರನ್ನೂ ಒಟ್ಟಿಗೆ ಹೇಳಿದಾಗ ಮಾತ್ರ ಪ್ರೇಕ್ಷಕ ಅಧ್ಯಯನ ಪ್ರಾಮಾಣಿಕವಾಗುತ್ತದೆ. ಮೊದಲೆರಡಕ್ಕೆ ಸಾಮಗ್ರಿ ಈಗಾಗಲೇ ಸಾಕಷ್ಟಿದೆ. ಮೂರನೆಯದಕ್ಕೆ ಕಟ್ಟೆಯ ಮೇಲೆ ಕುಳಿತು ಗಂಗಿಯನ್ನು ನೋಡಿದ ಹಿರಿಯ ಹೆಣ್ಣುಮಕ್ಕಳ ನೆನಪುಗಳೇ ಆಧಾರ. ಅವರು ನಮ್ಮೊಡನಿರುವಾಗಲೇ ಆ ಕೆಲಸ ನಡೆಯಬೇಕಾಗಿದೆ.