ಬೆರಳೆಣಿಕೆಯ ಪರಮಾಣುಗಳ ಸಾಕ್ಷ್ಯ

ರಸಾಯನಶಾಸ್ತ್ರದ ಬಲವಿರುವುದು ಸಂಖ್ಯೆಯಲ್ಲಿ. ಒಂದು ಹನಿ ನೀರಿನಲ್ಲೇ ಕೋಟಿ ಕೋಟಿ ಕೋಟಿ ಅಣುಗಳಿರುತ್ತವೆ. ಕೆಲವು ವಿಚಿತ್ರವಾಗಿ ವರ್ತಿಸಿದರೂ ಒಟ್ಟು ಫಲಿತಾಂಶ ಕದಲುವುದಿಲ್ಲ. ಅತಿಭಾರ ಧಾತುಗಳನ್ನು ಅಧ್ಯಯನ ಮಾಡುವವರಿಗೆ ಈ ಆಸರೆಯಿಲ್ಲ. ಅಲ್ಲಿ ಪರಮಾಣುಗಳು ಅಪರೂಪಕ್ಕೊಂದರಂತೆ ಹುಟ್ಟುತ್ತವೆ, ಬಹುಪಾಲು ಕೆಲವೇ ಸೆಕೆಂಡುಗಳಲ್ಲಿ ಅಳಿಯುತ್ತವೆ. ಹೀಗೆ ದೊರೆತ ಜ್ಞಾನವನ್ನು ಎಷ್ಟು ನಂಬಬೇಕು? 114ನೆಯ ಧಾತು ಫ್ಲೆರೋವಿಯಂ ಮೇಲಿನ ಪ್ರಯೋಗಗಳು ಈ ಪ್ರಶ್ನೆಗೆ ತಕ್ಕ ಒರೆಗಲ್ಲು.

ಆವರ್ತ ಕೋಷ್ಟಕದಲ್ಲಿ ಫ್ಲೆರೋವಿಯಂನ ಜಾಗ ಸೀಸದ ಕೆಳಗೆ. ಆ ಲೆಕ್ಕದಲ್ಲಿ ಅದು ಲೋಹವಾಗಬೇಕು. ಆದರೆ 114 ಪ್ರೋಟಾನುಗಳ ಸೆಳೆತಕ್ಕೆ ಸಿಕ್ಕ ಒಳಗಿನ ಎಲೆಕ್ಟ್ರಾನುಗಳು ಬೆಳಕಿನ ವೇಗದ ಶೇ. 80ರ ಆಸುಪಾಸಿನಲ್ಲಿ ಚಲಿಸುತ್ತವೆ. ಐನ್‌ಸ್ಟೈನರ ಸಾಪೇಕ್ಷತೆಯ ಪರಿಣಾಮ ಇಲ್ಲಿ ಎದ್ದು ಕಾಣುತ್ತದೆ: ಹೊರಕವಚದ ಎಲೆಕ್ಟ್ರಾನುಗಳೂ ಒಳಕ್ಕೆ ಸರಿದು, ಬಂಧಕ್ಕೆ ಸುಲಭವಾಗಿ ಒದಗದಂತಾಗುತ್ತವೆ. ಇದನ್ನು ಪರಿಗಣಿಸಿಯೇ ಅಮೆರಿಕದ ಕೆನೆತ್ ಪಿಟ್ಜರ್ 1975ರಲ್ಲಿ, 114ನೆಯ ಧಾತು ಜಡಾನಿಲದಂತೆ ವರ್ತಿಸಬಹುದೇ ಎಂದು ಕೇಳಿದ್ದರು.

ಇದನ್ನು ಪರೀಕ್ಷಿಸುವ ವಿಧಾನ ಸರಳ, ಸುಂದರ. ಪ್ಲುಟೋನಿಯಂಗೆ ಕ್ಯಾಲ್ಸಿಯಂ-48 ಅಪ್ಪಳಿಸಿದಾಗ ಹುಟ್ಟುವ ಪರಮಾಣುಗಳನ್ನು ಅನಿಲದ ಹರಿವು ಒಂದು ಕಿರಿದಾದ ಹಾದಿಯಲ್ಲಿ ಒಯ್ಯುತ್ತದೆ. ಹಾದಿಯ ಇಕ್ಕೆಲಗಳಲ್ಲಿ ಚಿನ್ನ ಲೇಪಿಸಿದ ಡಿಟೆಕ್ಟರುಗಳು. ಮುಂದೆ ಹೋದಂತೆ ತಾಪ ಇಳಿಯುತ್ತಾ ಹೋಗುತ್ತದೆ. ಪಾದರಸ ಮೊದಲಲ್ಲೇ ಚಿನ್ನಕ್ಕೆ ಅಂಟಿಕೊಳ್ಳುತ್ತದೆ. ಜಡಾನಿಲ ರೇಡಾನ್ ಕೊರೆಯುವ ಶೀತದ ಕೊನೆಯವರೆಗೂ ಸಾಗುತ್ತದೆ. ಹೊಸ ಪರಮಾಣು ಎಲ್ಲಿ ಕೂತು ಕ್ಷಯಿಸಿತು ಎಂಬುದೇ ಅದರ ಗುಣದ ಸಾಕ್ಷ್ಯ. ಕ್ಷಯದ ಸರಣಿ ಅದರ ಗುರುತನ್ನು ಖಚಿತಪಡಿಸುತ್ತದೆ.

ರಷ್ಯಾದ ಡುಬ್ನಾದಲ್ಲಿ ಸ್ವಿಟ್ಜರ್ಲೆಂಡಿನ ರಾಬರ್ಟ್ ಐಕ್ಲರ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗದ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಸಿಕ್ಕಿದ್ದು ಮೂರು ಪರಮಾಣುಗಳು. ಕಂಡದ್ದು ಜಡಾನಿಲದಂಥ ನಡತೆ. 2014ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಅಲೆಕ್ಸಾಂಡರ್ ಯಾಕುಶೆವ್ ಅವರ ತಂಡಕ್ಕೆ ಎರಡು ಪರಮಾಣುಗಳು ಸಿಕ್ಕವು. ಅವು ಕೋಣೆಯ ತಾಪದಲ್ಲೇ ಚಿನ್ನಕ್ಕೆ ಅಂಟಿದ್ದವು. ಹಾಗಾಗಿ ತಂಡ ಫ್ಲೆರೋವಿಯಂ ಬೇಗ ಆವಿಯಾಗುವ ಲೋಹ ಎಂದಿತು. ಮೂರರ ಎದುರು ಎರಡು: ಈ ಅಂಕಿಗಳಿಂದ ಯಾವ ತೀರ್ಪೂ ಹುಟ್ಟದು. ಆದರೂ ಎರಡು ಪ್ರಯೋಗಗಳಿಗೆ ಸಮಾನ ತೂಕವಿಲ್ಲ. ಡಾರ್ಮ್‌ಸ್ಟಾಟ್‌ನಲ್ಲಿ ಬೇಡದ ಕಣಗಳನ್ನೆಲ್ಲ ಮೊದಲೇ ಬೇರ್ಪಡಿಸುವ ಟಾಸ್ಕಾ ಎಂಬ ಉಪಕರಣವಿತ್ತು. ಹಿನ್ನೆಲೆಯ ಗದ್ದಲ ಕಡಿಮೆಯಾದಷ್ಟೂ ಒಂದೊಂದು ಪರಮಾಣುವಿನ ಸಾಕ್ಷ್ಯಕ್ಕೆ ಬೆಲೆ ಹೆಚ್ಚುತ್ತದೆ.

ಅದೇ ತಂಡದ 2022ರ ವರದಿಯನ್ನು ನಾನು ಈ ಕ್ಷೇತ್ರದ ಪ್ರಾಮಾಣಿಕ ಬರಹಗಳಲ್ಲಿ ಒಂದೆಂದು ಎಣಿಸುತ್ತೇನೆ. ಆರು ಹೊಸ ಪರಮಾಣುಗಳನ್ನು ಸೇರಿಸಿ ಸುಮ್ಮನಾಗದೆ, ಆ ತಂಡ ಚಿನ್ನದ ಪದರವನ್ನೇ ಪರೀಕ್ಷೆಗೆ ಒಡ್ಡಿತು. ಆ ಪದರ ಎಲ್ಲೆಡೆ ಒಂದೇ ಸಮವಾಗಿಲ್ಲ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿತು. ಅವರ ನಿರ್ಣಯ: ಫ್ಲೆರೋವಿಯಂ ಚಿನ್ನದೊಡನೆ ಬೆರೆಯುವುದರಲ್ಲಿ ಪಾದರಸಕ್ಕಿಂತ ಹಿಂದೆ, ರೇಡಾನ್‌ಗಿಂತ ಮುಂದೆ. ಲೋಹವೋ ಜಡಾನಿಲವೋ ಎಂಬ ಪ್ರಶ್ನೆಯೇ ಒರಟಾಗಿತ್ತು ಎಂದು ಇದರಿಂದ ತಿಳಿಯುತ್ತದೆ. ಪರಮಾಣುಗಳು ಬೆರಳೆಣಿಕೆಯಷ್ಟಿದ್ದಾಗ ಮೇಲ್ಮೈಯ ದೋಷವೂ ಧಾತುವಿನ ಗುಣದಂತೆ ಕಾಣಬಲ್ಲದು.

ಈ ವಿಧಾನದ ಮಿತಿಯೂ ಇಲ್ಲೇ ಇದೆ. ಚಿನ್ನಕ್ಕೆ ಅಂಟುವುದು ಒಂದು ಗುಣ ಮಾತ್ರ. ಅದರಿಂದ ಇಡೀ ಧಾತುವಿನ ಸ್ವಭಾವವನ್ನು ಊಹಿಸುವುದು ದೂರದ ಜಿಗಿತ. ಸಂಯುಕ್ತವೊಂದನ್ನು ತಯಾರಿಸಿ ನೋಡಿದಲ್ಲಿ ವಿಧಾನ ಇನ್ನೂ ಗಟ್ಟಿ. 2002ರಲ್ಲಿ ಹ್ಯಾಸಿಯಂನ ಟೆಟ್ರಾಕ್ಸೈಡ್ ಆಸ್ಮಿಯಂನ ಟೆಟ್ರಾಕ್ಸೈಡಿನಂತೆಯೇ ನಡೆದುಕೊಂಡಿತು. 2014ರಲ್ಲಿ ಜಪಾನಿನ ರಿಕೆನ್‌ನಲ್ಲಿ ಸೀಬೋರ್ಗಿಯಂ ಕಾರ್ಬನ್ ಮಾನಾಕ್ಸೈಡಿನೊಡನೆ ಕೂಡಿ ಆವಿಯಾಗಬಲ್ಲ ಸಂಯುಕ್ತವಾಯಿತು. ಆದರೆ ಅಲ್ಲೂ ಅಣುವನ್ನು ನೇರವಾಗಿ ಗುರುತಿಸಿರಲಿಲ್ಲ, ನಡತೆಯಿಂದ ಊಹಿಸಲಾಗಿತ್ತು. 2025ರಲ್ಲಿ ಅಮೆರಿಕದ ಬರ್ಕ್ಲಿ ಪ್ರಯೋಗಾಲಯ 102ನೆಯ ಧಾತು ನೊಬೆಲಿಯಂ ಇರುವ ಅಣುಗಳ ದ್ರವ್ಯರಾಶಿಯನ್ನೇ ಅಳೆದು ಆ ಕೊರತೆ ನೀಗುವ ದಾರಿ ತೋರಿತು. ಉಪಕರಣದಲ್ಲಿ ಉಳಿದಿದ್ದ ಲೇಶ ನೀರಾವಿ ಮತ್ತು ಸಾರಜನಕದೊಡನೆಯೇ ನೊಬೆಲಿಯಂ ಕೂಡಿಕೊಂಡದ್ದು ಅಲ್ಲಿ ಕಂಡುಬಂತು. ಒಂಟಿ ಪರಮಾಣು ಎಂದು ನಂಬಿದ್ದು ನಿಜಕ್ಕೂ ಒಂಟಿಯೇ ಎಂದು ಹಳೆಯ ಪ್ರಯೋಗಗಳನ್ನೆಲ್ಲ ಮತ್ತೆ ಕೇಳಬೇಕಾಗಿದೆ.

ನನ್ನ ತೀರ್ಪು ಇಷ್ಟು: ಇದು ಗೌರವಕ್ಕೆ ಅರ್ಹವಾದ ವಿಜ್ಞಾನ, ಏಕೆಂದರೆ ಇಲ್ಲಿ ತಪ್ಪನ್ನು ತಿದ್ದಿದ್ದು ಇನ್ನೂ ಕಟ್ಟುನಿಟ್ಟಾದ ಪ್ರಯೋಗವೇ. ಆದರೆ ಇದರ ಫಲಿತಾಂಶಗಳು ಸದ್ಯಕ್ಕೆ ತಾತ್ಕಾಲಿಕ. ಕನ್ನಡದಲ್ಲಿ ವಿಜ್ಞಾನ ಬರೆಯುವವರು, ಪಠ್ಯ ರಚಿಸುವವರು ಇಂಥ ಧಾತುವಿನ ಗುಣ ಹೇಳುವಾಗ, ಅದು ಎಷ್ಟು ಪರಮಾಣುಗಳಿಂದ, ಯಾವ ಮೇಲ್ಮೈಯ ಮೇಲೆ ತಿಳಿದದ್ದು ಎಂಬುದನ್ನೂ ಜೊತೆಗೇ ಬರೆಯಲಿ. ವಿದ್ಯಾರ್ಥಿಗೆ ಧಾತುವಿನ ಗುಣದಷ್ಟೇ ಅದನ್ನು ಅರಿತ ಬಗೆಯೂ ತಿಳಿಯಬೇಕು.