ಹಿಮದಲ್ಲಿ ಹೂತ ಹುಡುಗ

ಚಿಕ್ಕೇರೂರಿನಲ್ಲಿ ಬೆಳೆದ ನಮಗೆ ಹಿಮವೆಂದರೆ ಬೇಸಿಗೆಯಲ್ಲಿ ಸೈಕಲ್ ಮೇಲೆ ಬರುತ್ತಿದ್ದ ಐಸ್‌ಕ್ಯಾಂಡಿ ಡಬ್ಬಿ. ಉರ್ದು ಶಾಲೆಯಲ್ಲಿ ಕಲಿತ ‘ಬರ್ಫ್’, ಆಮೇಲೆ ಕನ್ನಡ ಶಾಲೆಯಲ್ಲಿ ಕಲಿತ ‘ಹಿಮ’, ಎರಡೂ ಆ ಡಬ್ಬಿಯ ಮುಚ್ಚಳ ತೆಗೆದಾಗ ಏಳುತ್ತಿದ್ದ ಬಿಳಿ ಹೊಗೆಯ ಆಚೆಗೆ ಹೋಗಿರಲಿಲ್ಲ. ಕಳೆದ ಚಳಿಗಾಲದಲ್ಲಿ, ಗೋವಿನಜೋಳದ ಒಕ್ಕಣೆ ಮುಗಿದ ಒಂದು ರಾತ್ರಿ, ಹುಬ್ಬಳ್ಳಿಯಲ್ಲಿ ಓದುವ ಅಕ್ಕನ ಮಗ ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿ ನಾರ್ವೆ ದೇಶದ ಒಂದು ಕೊಲೆಚಿತ್ರ ಹಾಕಿದ. ಕತೆ ಬರೆಯುವ ಮಾಮೂ ಹೆದರುತ್ತಾರೋ ಇಲ್ಲವೋ ನೋಡಬೇಕೆಂಬುದು ಅವನ ಆಸೆ. ಅಮ್ಮಿಯೂ ಕಂಬಳಿ ಹೊದ್ದು ಪಕ್ಕದಲ್ಲಿ ಕುಳಿತರು.

ಚಿತ್ರದ ಹೆಸರು ‘ಫ್ರಿಟ್ ವಿಲ್ಟ್’. 2006ರಲ್ಲಿ ತೆರೆಕಂಡ ಇದು ನಿರ್ದೇಶಕ ರೋರ್ ಉಥೌಗ್ ಅವರ ಮೊದಲ ಪೂರ್ಣ ಪ್ರಮಾಣದ ಚಿತ್ರ. 2022ರಲ್ಲಿ ‘ಟ್ರೋಲ್’ ಮಾಡಿ ಲೋಕಪ್ರಸಿದ್ಧರಾದವರು ಇವರೇ. ಕತೆ ಸರಳ. ಐವರು ಗೆಳೆಯರು ಯೋಟುನ್‌ಹೈಮನ್ ಎಂಬ ಪರ್ವತ ಸೀಮೆಗೆ ಹಿಮದ ಮೇಲೆ ಜಾರುವ ಆಟಕ್ಕೆ ಹೋಗುತ್ತಾರೆ. ಆ ಹೆಸರಿನ ಅರ್ಥವೇ ದೈತ್ಯರ ಮನೆ. ಒಬ್ಬನ ಕಾಲು ಮುರಿಯುತ್ತದೆ. ಕಾರು ದೂರ, ಫೋನಿಗೆ ಸಿಗ್ನಲ್ ಇಲ್ಲ. ಎಪ್ಪತ್ತರ ದಶಕದಲ್ಲೇ ಮುಚ್ಚಿಹೋದ ಒಂದು ಹೋಟೆಲಿನ ಬಾಗಿಲು ಮುರಿದು ಒಳಹೊಕ್ಕು ರಾತ್ರಿ ಕಳೆಯುತ್ತಾರೆ. ಹೋಟೆಲು ನಡೆಸುತ್ತಿದ್ದ ದಂಪತಿಯ ಮಗ ಹಿಮದಲ್ಲಿ ಕಾಣೆಯಾದ ಮೇಲೆ ಅದು ಮುಚ್ಚಿತ್ತೆಂದು ತಿಳಿಯುತ್ತದೆ. ಆದರೆ ಒಳಗೆ ಇನ್ನೂ ಒಬ್ಬನಿದ್ದಾನೆ. ಅವನ ಕೈಯಲ್ಲಿ ಹಿಮ ಅಗೆಯುವ ಗುದ್ದಲಿ.

ಇಂಥ ಚಿತ್ರಗಳಿಗೆ ಒಂದು ಸಿದ್ಧ ಅಚ್ಚಿದೆ. ಅಮೆರಿಕದ ‘ಹ್ಯಾಲೊವೀನ್’ (1978), ‘ಫ್ರೈಡೇ ದ ಥರ್ಟೀನ್ತ್’ (1980) ಎರಕಹೊಯ್ದ ಅಚ್ಚು ಅದು. ದೂರದ ಜಾಗ, ಹರೆಯದ ಹುಡುಗ-ಹುಡುಗಿಯರು, ಮುಖ ಕಾಣದ ಕೊಲೆಗಾರ, ಕೊನೆಗೆ ಉಳಿಯುವ ಒಬ್ಬಳು ಹುಡುಗಿ. ‘ಫ್ರಿಟ್ ವಿಲ್ಟ್’ ಈ ಅಚ್ಚನ್ನು ಮುರಿಯುವುದಿಲ್ಲ. ಆದರೆ ಅದರೊಳಗೆ ಮನುಷ್ಯರನ್ನು ಕೂರಿಸಲು ಸಮಯ ತೆಗೆದುಕೊಳ್ಳುತ್ತದೆ. ಬಹಳ ಹೊತ್ತು ಯಾರೂ ಸಾಯುವುದಿಲ್ಲ. ಗೆಳೆಯನ ಮುರಿದ ಕಾಲನ್ನು ಯಾನಿಕೆ ಎಂಬ ಹುಡುಗಿ ಕೈಗೆ ಸಿಕ್ಕ ಸಾಮಾನಿನಿಂದಲೇ ಸರಿಪಡಿಸುವ ದೃಶ್ಯ ಯಾವ ಕೊಲೆಗಿಂತಲೂ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ. ಈ ಪಾತ್ರ ಮಾಡಿದ ಇಂಗ್ರಿಡ್ ಬೋಲ್ಸೊ ಬರ್ಡಾಲ್ ಅವರಿಗೆ 2007ರಲ್ಲಿ ನಾರ್ವೆಯ ಅಮಾಂಡಾ ಪ್ರಶಸ್ತಿ ಬಂತು. ಕೊಲೆಚಿತ್ರದ ನಟಿಗೆ ಇಂಥ ಗೌರವ ಸಿಗುವುದು ಅಪರೂಪ.

ನಮ್ಮ ಭಯದ ಚಿತ್ರಗಳೆಲ್ಲ ಕತ್ತಲೆಯವು. ನಾವು ಹುಡುಗರಾಗಿದ್ದಾಗ ಬಾಡಿಗೆ ವಿಸಿಆರ್ ತಂದು ಓಣಿಯಲ್ಲಿ ತೋರಿಸುತ್ತಿದ್ದ ರಾಮ್ಸೆ ಸಹೋದರರ ‘ಪುರಾನಾ ಮಂದಿರ್’ ಆಗಲಿ, ಅದಕ್ಕೂ ಹಿಂದಿನ ಕನ್ನಡದ ‘ನಾ ನಿನ್ನ ಬಿಡಲಾರೆ’ ಆಗಲಿ, ಬೆಳಗಾದರೆ ಬದುಕಿದಂತೆ. ಇಲ್ಲಿ ಬೆಳಗಾದರೂ ಬಿಡುಗಡೆಯಿಲ್ಲ. ಕತ್ತಲೆಯಲ್ಲಾದರೂ ಅಡಗಬಹುದು, ಬಿಳಿ ಬಯಲಿನಲ್ಲಿ ಅಡಗಲು ಒಂದು ಗಿಡವೂ ಇಲ್ಲ. ಓಡಿದವನ ಹೆಜ್ಜೆಗುರುತೇ ಅವನನ್ನು ಹಿಡಿದುಕೊಡುತ್ತದೆ. ಬೆಳಕನ್ನೇ ಭಯವಾಗಿಸಿದ್ದು ಈ ಚಿತ್ರದ ದೊಡ್ಡ ಗೆಲುವು.

ಗುದ್ದಲಿ ಎರಡನೆಯ ಸಲ ಎದ್ದಾಗ ಅಮ್ಮಿ ಕೇಳಿದರು: “ಇಸ್ಕಿ ಮಾ ಕಾಂ ಹೈ ರೇ?” ಇವನ ತಾಯಿ ಎಲ್ಲಿದ್ದಾಳೋ? ಅಕ್ಕನ ಮಗ ನಕ್ಕುಬಿಟ್ಟ. “ನಾನೀ, ಅಂಥಾದ್ದೆಲ್ಲ ಇದರಾಗ ಇರಂಗಿಲ್ರೀ” ಅಂದ. ಆದರೆ ಇತ್ತು. ಚಿತ್ರದ ಕೊನೆಯ ಗುಟ್ಟೇ ಆ ಪ್ರಶ್ನೆಗೆ ಉತ್ತರವಾಗಿತ್ತು. ಅದನ್ನು ಹೇಳದೆ ಈ ಚಿತ್ರದ ಬಗ್ಗೆ ಏನನ್ನೂ ಹೇಳಿದಂತಾಗುವುದಿಲ್ಲ, ಇನ್ನೂ ನೋಡದವರು ಕ್ಷಮಿಸಬೇಕು.

ಚಿತ್ರ ಶುರುವಾಗುವುದೇ ಹಿಮದಲ್ಲಿ ಜೀವ ಕೈಯಲ್ಲಿ ಹಿಡಿದು ಓಡುವ ಒಬ್ಬ ಹುಡುಗನಿಂದ. ಅವನ ಕಣ್ಣಿನ ಸುತ್ತ ಹುಟ್ಟುಮಚ್ಚೆ ಇದೆ. ಅಟ್ಟಿಸಿಕೊಂಡು ಬಂದವರು ಅವನನ್ನು ಹಿಮದಲ್ಲಿ ಹೂತುಬಿಡುತ್ತಾರೆ. ಕೊನೆಯಲ್ಲಿ ಕೊಲೆಗಾರ ಹಿಮದ ಕೊರಕಲಿಗೆ ಬೀಳುವಾಗ ನಮಗೆ ತಿಳಿಯುತ್ತದೆ: ಇವನೇ ಆ ಹುಡುಗ, ಹೂತವರು ಅವನ ಹೆತ್ತವರೇ.

ನಾರ್ವೆ ಭಾಷೆಯಲ್ಲಿ ‘ಫ್ರಿಟ್ ವಿಲ್ಟ್’ ಎಂದರೆ ಬೇಟೆಗೆ ಯಾವ ಕಟ್ಟುಪಾಡೂ ಇಲ್ಲದ ಪ್ರಾಣಿ. ಯಾರು ಹೊಡೆದರೂ ಕೇಳುವವರಿಲ್ಲದ್ದು. ಇಂಗ್ಲಿಷಿನ ‘ಕೋಲ್ಡ್ ಪ್ರೇ’ ಎಂಬ ಹೆಸರಿನಲ್ಲಿ ಚಳಿ ಉಳಿದು ಈ ಅರ್ಥ ಕರಗಿಹೋಗಿದೆ. ಹಾಗಾದರೆ ಕೇಳುವವರಿಲ್ಲದ ಬೇಟೆ ಯಾರು? ಐವರು ಗೆಳೆಯರೋ, ಆ ಹುಡುಗನೋ? ಚಿತ್ರ ಈ ಪ್ರಶ್ನೆಯ ಹೊಸ್ತಿಲ ತನಕ ಬಂದು ನಿಂತು ಹಿಂತಿರುಗುತ್ತದೆ. ಹೆತ್ತವರು ಯಾಕೆ ಹಾಗೆ ಮಾಡಿದರು, ಹುಡುಗ ಹೇಗೆ ಬದುಕಿಕೊಂಡ, ಅಷ್ಟು ವರ್ಷ ಯಾರೊಂದಿಗೆ ಮಾತಾಡಿದ? ಒಂದಕ್ಕೂ ಉತ್ತರವಿಲ್ಲ. ಚಿತ್ರದುದ್ದಕ್ಕೂ ಅವನ ಬಾಯಿಂದ ಒಂದು ಮಾತೂ ಹೊರಡುವುದಿಲ್ಲ. ಹೂತದ್ದು ಪಾಪವೆಂದು ತೋರಿಸಿದ ಚಿತ್ರವೇ ಹೂತವನನ್ನು ಮೂಕನಾಗಿಸಿದೆ.

ಹುಗಿದ ಮಕ್ಕಳ ಸಂಗತಿ ನಮಗೆ ದೂರದ ಹಿಮದ್ದಲ್ಲ. 2019ರ ಡಿಸೆಂಬರ್ 26ರಂದು ಕಂಕಣ ಸೂರ್ಯಗ್ರಹಣವಾದಾಗ ಕಲಬುರಗಿಯ ಬಳಿಯ ತಾಜ್‌ಸುಲ್ತಾನಪುರದಲ್ಲಿ ಅಂಗವೈಕಲ್ಯವಿದ್ದ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದರು. ಮಣ್ಣಿನ ಮೇಲೆ ತಲೆ ಮಾತ್ರ ಕಾಣುವ ಆ ಮಕ್ಕಳ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಆ ತಂದೆತಾಯಂದಿರು ಕೊಲೆಗಾರರಲ್ಲ. ಮಗು ವಾಸಿಯಾದೀತೆಂಬ ಆಸೆಯಿಂದ ಹೂತವರು. ಈ ವ್ಯತ್ಯಾಸ ಮರೆತು ಮಾತಾಡುವುದು ಅನ್ಯಾಯ. ಆದರೂ ಎರಡು ಕಡೆಗೂ ಸಮಾನವಾದುದು ಒಂದಿದೆ. ಮಗುವನ್ನು ಯಾರೂ ಕೇಳಲಿಲ್ಲ.

ಮಗುವನ್ನು ಕೇಳಬೇಕೆಂಬುದು ಹಳೆಯ ನ್ಯಾಯ. ಹೆಣ್ಣುಶಿಶುವನ್ನು ಜೀವಂತ ಹೂಳುತ್ತಿದ್ದ ಅರಬರ ನಡುವೆ ಬಂದ ಕುರ್‌ಆನ್, ಅಂತಿಮ ದಿನದ ವಿಚಾರಣೆಯನ್ನು ಹೇಳುವಾಗ ಪ್ರಶ್ನೆಯನ್ನು ಆ ಮಗುವಿನ ಕಡೆಗೇ ತಿರುಗಿಸುತ್ತದೆ. ನಮ್ಮ ‘ಕೆರೆಗೆ ಹಾರ’ದಲ್ಲೂ ಹಾಗೆಯೇ. ಊರ ಕೆರೆಗೆ ನೀರು ಬರಲೆಂದು ಬಲಿಯಾಗುವ ಭಾಗೀರತಿ ತವರಿಗೆ ಹೋಗಿ ಬರುವುದನ್ನು, ಹೆತ್ತವರ ಮುಂದೆ ಮುಚ್ಚಿಟ್ಟ ನಿಜವನ್ನು ಗೆಳತಿಯ ಮುಂದೆ ಬಿಚ್ಚುವುದನ್ನು ಆ ಹಾಡು ಕೇಳಿಸುತ್ತದೆ. ಓದುಬರಹ ಬಾರದ ಹೆಂಗಸರು ಬಲಿಯಾದವಳಿಗೆ ಕೊಟ್ಟ ಮಾತನ್ನು ಇಷ್ಟು ಕುಶಲ ಚಿತ್ರವೊಂದು ತನ್ನ ಹುಡುಗನಿಗೆ ಕೊಡಲಾರದೆ ಹೋಯಿತು. 2010ರ ಮೂರನೆಯ ಭಾಗ ಹಿಂದಿನ ಕಾಲಕ್ಕೆ ಹೋದರೂ ಮತ್ತೆ ಬೇಟೆಯ ಲೆಕ್ಕದಲ್ಲೇ ಮುಳುಗುತ್ತದೆ. ಕನ್ನಡದ ‘6-5=2’ (2013) ಕೂಡ ಚಾರಣಕ್ಕೆ ಹೋದವರನ್ನು ಕಾಡಿನಲ್ಲಿ ಒಬ್ಬೊಬ್ಬರಾಗಿ ಕಳೆಯಿತು. ಅದಕ್ಕೆ ಹೆದರಿಸುವುದೇ ಸಾಕಾಗಿತ್ತು. ‘ಫ್ರಿಟ್ ವಿಲ್ಟ್’ ಅದಕ್ಕಿಂತ ಹೆಚ್ಚಿನದನ್ನು ಮುಟ್ಟಿದ್ದರಿಂದಲೇ ಅದರ ಮೇಲೆ ನಮ್ಮ ದೂರು.

ಇನ್ನೊಂದು ದೂರೂ ಇದೆ. ಅದನ್ನು ಹೇಳಲು ನಾಚಿಕೆಯಾಗುತ್ತದೆ. ನಮ್ಮ ಓಣಿಯಲ್ಲಿ ಅರ್ಧ ಮುಖದ ಮೇಲೆ ಕಪ್ಪು ಮಚ್ಚೆಯಿದ್ದ ಒಬ್ಬ ಹುಡುಗನಿದ್ದ. ಗ್ರಹಣದ ದಿನ ಅವನ ತಾಯಿ ಈಳಿಗೆ ಮುಟ್ಟಿದ್ದಳಂತೆ ಎಂದು ದೊಡ್ಡವರು ಆಡಿಕೊಳ್ಳುತ್ತಿದ್ದರು. ಶಾದಿಯ ಮನೆಗಳಲ್ಲಿ ಅವನನ್ನು ಹಿಂದಿನ ಅಂಗಳದಲ್ಲಿ ಕೂರಿಸಿ ಊಟ ಕೊಡುತ್ತಿದ್ದರು. ಅಳುವ ಚಿಕ್ಕ ಮಕ್ಕಳನ್ನು ಸುಮ್ಮನಾಗಿಸಲು ನಾವು ಅವನ ಹೆಸರು ಹೇಳಿ ಹೆದರಿಸುತ್ತಿದ್ದೆವು. ಕೊಲೆಚಿತ್ರಗಳ ತರ್ಕ ನಂಬುವುದಾದರೆ ಅವನಿಂದು ಗುದ್ದಲಿ ಹಿಡಿದು ನಮ್ಮ ಬಾಗಿಲಿಗೆ ಬರಬೇಕಿತ್ತು. ಅವನು ತಾಲ್ಲೂಕು ಕೇಂದ್ರದಲ್ಲಿ ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದಾನೆ. ಶಾಲೆಯ ಹುಡುಗರ ಸೈಕಲ್ಲಿಗೆ ಗಾಳಿ ಹಾಕಿದರೆ ಕಾಸು ತೆಗೆದುಕೊಳ್ಳುವುದಿಲ್ಲ.

ನೊಂದ ಮಗು ಬೆಳೆದು ರಾಕ್ಷಸನಾಗುತ್ತದೆ ಎನ್ನುವುದು ಕೇಳಲು ಕರುಣೆಯ ಮಾತು, ಆದರೆ ಒಳಗೆ ಅದೊಂದು ಅಪವಾದ. ಸಾವಿರ ನೊಂದ ಮಕ್ಕಳು ಯಾರನ್ನೂ ನೋಯಿಸದೆ ಬದುಕಿ ಮುಗಿಸುತ್ತಾರೆ. ಅವರ ಕತೆಗೆ ಗುದ್ದಲಿ ಇಲ್ಲದ ಕಾರಣ ಅದನ್ನು ಯಾರೂ ಚಿತ್ರ ಮಾಡುವುದಿಲ್ಲ. ಇಪ್ಪತ್ತು ವರ್ಷದಿಂದ ಕತೆ ಬರೆಯುತ್ತಿರುವ ನಾವೂ ಅವನ ಬಗ್ಗೆ ಒಂದು ಸಾಲು ಬರೆದವರಲ್ಲ.

ಚಿತ್ರ ಮುಗಿದ ಮೇಲೆ ಅಕ್ಕನ ಮಗ, ಹೆದರಿದಿರಾ ಮಾಮೂ ಎಂದು ಕೇಳಿದ. ಹೌದೆಂದೆವು. ಗುದ್ದಲಿಗೆ ಅಂದುಕೊಂಡು ಅವನು ಖುಷಿಪಟ್ಟ. ಅಮ್ಮಿ ಮಾತ್ರ ಏಳದೆ ಕುಳಿತಿದ್ದರು. ಆ ಹುಡುಗ ಮೊದಲೇ ಯಾರಿಗಾದರೂ ಸಿಕ್ಕಿದ್ದರೆ ಎಂದು ಅವರು ಮಲಗುವ ತನಕ ಎರಡು ಮೂರು ಸಲ ಅಂದರು.