ಎಂಜಿನ್ ಸರದಿ ಕೊನೆಗೆ ಬರಲಿ

ನಮ್ಮ ಮನೆಯ ಟಾಟಾ 207 ಪಿಕಪ್ ಐದು ಮಳೆಗಾಲವನ್ನು ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲೇ ಕಳೆಯಿತು. ಅಪ್ಪ ಅದರಲ್ಲಿ ಬಾಳೆಗೊನೆ ಹೇರಿಕೊಂಡು ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗುತ್ತಿದ್ದರು. ಅದನ್ನು ಮತ್ತೆ ರಸ್ತೆಗಿಳಿಸಲು ನಾನು ಹೊರಟಾಗ ಕೇಳಿದವರೆಲ್ಲ ಕೊಟ್ಟ ಸಲಹೆ ಒಂದೇ: ‘ಮೊದಲು ಎಂಜಿನ್ ಬದಲಾಯಿಸಿ. ಗುಜರಿಯಲ್ಲಿ ಟರ್ಬೊ ಎಂಜಿನ್ ಸಿಗುತ್ತೆ, ಕೂರಿಸಿಬಿಟ್ಟರೆ ಗಾಡಿ ಹೊಸದಾಗುತ್ತೆ.’ ಗಾಡಿಗೆ ಎಂಜಿನ್ನೇ ಜೀವ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಹಳೆಯ ಪಿಕಪ್ಪಿನ ಜೀರ್ಣೋದ್ಧಾರ ಎಂದರೆ ಹೊಸ ಎಂಜಿನ್, ಅಗಲದ ಟೈರು, ಮೇಲೊಂದು ಬಣ್ಣ ಎಂದೇ ಎಲ್ಲರೂ ತಿಳಿದಿದ್ದಾರೆ. ಈ ಕ್ರಮ ತಲೆಕೆಳಗಾಗಿದೆ, ಅಷ್ಟೇ ಅಲ್ಲ, ಅಪಾಯಕಾರಿಯೂ ಆಗಿದೆ ಎಂಬುದು ನನ್ನ ವಾದ.

ಮೊದಲು ಈ ಗಾಡಿಯ ಹುಟ್ಟನ್ನು ನೋಡೋಣ. ಟಾಟಾ ಕಂಪನಿ 1988ರಲ್ಲಿ ಟಾಟಾಮೊಬೈಲ್ 206 ಎಂಬ ಪಿಕಪ್ ಹೊರತಂದಿತು. ನಮ್ಮ 207 ಅದೇ ಕುಟುಂಬದ್ದು. 1991ರ ಸಿಯೆರಾ ಕಾರು ಎದ್ದು ನಿಂತದ್ದು ಆ ಪಿಕಪ್ಪಿನ ಅಡಿಪಾಯದ ಮೇಲೆಯೇ. 1994ರಲ್ಲಿ ಬಂದ ಸುಮೋ ಕೂಡ ಅದೇ ಬಳಗದ್ದು. ಅಂದರೆ ಟಾಟಾದವರ ಕಾರುಗಳ ಕಥೆ ಶುರುವಾಗುವುದೇ ಹೊರೆ ಹೊರುವ ಗಾಡಿಯಿಂದ. ಅವುಗಳಲ್ಲಿದ್ದ 1,948 ಸಿಸಿಯ, ಟರ್ಬೊ ಇಲ್ಲದ ಡೀಸೆಲ್ ಎಂಜಿನ್‌ಗೆ ವೇಗದ ಹೆಸರೇನೂ ಇರಲಿಲ್ಲ, ನಿಜ. ಆದರೆ ಆ ಗಾಡಿಯ ಚಾಸಿ, ಆಕ್ಸೆಲ್, ಗೇರ್‌ಬಾಕ್ಸ್, ಬ್ರೇಕ್ ಎಲ್ಲವೂ ಆ ಎಂಜಿನ್ ಕೊಡುವ ಶಕ್ತಿಗೆ, ಅದು ಮುಟ್ಟಬಲ್ಲ ವೇಗಕ್ಕೆ ಲೆಕ್ಕ ಹಾಕಿ ಮಾಡಿದವು. ಒಂದನ್ನು ಮಾತ್ರ ಎತ್ತಿ ಬದಲಾಯಿಸಿದರೆ ಉಳಿದವುಗಳ ಲೆಕ್ಕ ತಪ್ಪುತ್ತದೆ.

ತಪ್ಪುವುದು ಎಷ್ಟು? ಗಂಟೆಗೆ 50 ಕಿ.ಮೀ. ವೇಗದ ಗಾಡಿಯನ್ನು 70ಕ್ಕೆ ಏರಿಸಿದರೆ, ನಿಲ್ಲಿಸುವಾಗ ಬ್ರೇಕು ನುಂಗಬೇಕಾದ ಶಕ್ತಿ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ವೇಗ ಇಪ್ಪತ್ತೇ ಕಿಲೋಮೀಟರ್ ಹೆಚ್ಚಿದಂತೆ ಕಾಣುತ್ತದೆ, ಬ್ರೇಕಿನ ಹೊರೆ ಮಾತ್ರ ಇಮ್ಮಡಿ. ಇನ್ನು ಘಾಟಿಯ ಲೆಕ್ಕವೇ ಬೇರೆ. ಹೊರೆ ಸೇರಿ ಎರಡೂವರೆ ಟನ್ ತೂಗುವ ಗಾಡಿ 500 ಮೀಟರ್ ಎತ್ತರದಿಂದ ಇಳಿಯಿತು ಎನ್ನಿ. ಆಗ ಹೊರಬೀಳುವ ಶಕ್ತಿಯಿಂದ ಸುಮಾರು 35 ಲೀಟರ್ ತಣ್ಣೀರನ್ನು ಕುದಿಸಬಹುದು. ಗೇರಿನಲ್ಲಿ ಹಿಡಿದು ಇಳಿಸಿದರೆ ಅದರಲ್ಲಿ ದೊಡ್ಡ ಪಾಲನ್ನು ಎಂಜಿನ್ ಹೊರುತ್ತದೆ. ಹಾಗೆ ಮಾಡದಿದ್ದರೆ ಬಹುಪಾಲು ಹೋಗುವುದು ಬ್ರೇಕಿಗೆ. ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಹಳೆಯ ಗಾಡಿಯನ್ನು ಪರೀಕ್ಷಿಸುವುದು ಈ ಬಿಸಿಯೇ.

ಐದು ವರ್ಷ ನಿಂತ ಗಾಡಿಯ ಬ್ರೇಕ್ ಆಯಿಲ್ ನೋಡಲು ತುಂಬಿಯೇ ಇರುತ್ತದೆ. ಆದರೆ ಅದು ಗಾಳಿಯ ತೇವವನ್ನು ಹೀರುವ ದ್ರವ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ನಿಲ್ಲಬೇಕು ಎನ್ನುತ್ತದೆ ಮಾನದಂಡ. ತೇವ ಹೀರಿದ ಮೇಲೆ ಅದೇ ಮಾನದಂಡ ಕೇಳುವುದು 140 ಡಿಗ್ರಿಯನ್ನು ಮಾತ್ರ. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆಯ ಸೆರಗಿನಲ್ಲಿ ತೇವಕ್ಕೆ ಕೊರತೆಯೇ? ಆಯಿಲ್ ಕುದಿದು ಪೈಪಿನಲ್ಲಿ ಆವಿ ಕಟ್ಟಿತೆಂದರೆ ಪೆಡಲ್ ಮೆತ್ತಗೆ ನೆಲ ಮುಟ್ಟುತ್ತದೆ. ಹಿಂದಿನ ಡ್ರಮ್‌ಗಳ ಕಥೆಯೂ ಇಂಥದೇ. ಕಾದ ಡ್ರಮ್ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಹಿಡಿತ ಬೇಕಾದ ಹೊತ್ತಿಗೇ ಸಡಿಲುತ್ತದೆ. ಹೊಸ ಆಯಿಲ್, ರಬ್ಬರ್ ಹೋಸು, ವೀಲ್ ಸಿಲಿಂಡರ್ ಕಿಟ್, ಲೈನಿಂಗ್ ಇಷ್ಟಕ್ಕೂ ತಗಲುವ ಖರ್ಚು ಎಂಜಿನ್ ಬದಲಾವಣೆಯ ಖರ್ಚಿನ ಮುಂದೆ ಏನೇನೂ ಅಲ್ಲ. ಆದರೂ ಈ ಕೆಲಸ ಪಟ್ಟಿಯ ಕೊನೆಯಲ್ಲಿರುತ್ತದೆ, ದುಡ್ಡು ಮುಗಿದಾಗ ಅಲ್ಲಿಂದಲೇ ಬಿದ್ದುಹೋಗುತ್ತದೆ.

‘ಅಪ್‌ಗ್ರೇಡ್’ ಎಂಬ ಹೆಸರಿನಲ್ಲೇ ಬ್ರೇಕು ಕೆಡುವುದೂ ಉಂಟು. ಡೀಸೆಲ್ ಎಂಜಿನ್ನಿನ ಒಳದಾರಿಯಲ್ಲಿ ಪೆಟ್ರೋಲ್ ಎಂಜಿನ್ನಿನ ಹಾಗೆ ನಿರ್ವಾತ ಹುಟ್ಟುವುದಿಲ್ಲ. ಆದ್ದರಿಂದ ಬ್ರೇಕ್ ಬೂಸ್ಟರಿಗೆ ಬೇಕಾದ ನಿರ್ವಾತವನ್ನು ಒಂದು ಪುಟ್ಟ ಪಂಪು ಒದಗಿಸುತ್ತದೆ. ನಮ್ಮ ಗಾಡಿಯಲ್ಲಿ ಅದು ಆಲ್ಟರ್ನೇಟರ್ ಹಿಂದೆಯೇ ಕೂತಿದೆ. ಹೆಚ್ಚು ಕರೆಂಟ್ ಕೊಡುತ್ತದೆಂದು ಪೇಟೆಯ ಗ್ಯಾರೇಜೊಂದು ಬೇರೆ ಆಲ್ಟರ್ನೇಟರ್ ಹಾಕಿತು. ಅದರ ಹಿಂದೆ ಪಂಪು ಇರಲಿಲ್ಲ. ಬೂಸ್ಟರಿನ ಪೈಪಿಗೆ ಬೋಲ್ಟು ಹೊಡೆದು ಮುಚ್ಚಿದ್ದರು. ಮನೆಯ ದಾರಿಯ ಮೊದಲ ಇಳಿಜಾರಿನಲ್ಲಿ ಪೆಡಲ್ ಕಲ್ಲಾಗಿತ್ತು. ಎರಡೂ ಕಾಲು ಕೊಟ್ಟು ಒತ್ತಿ, ಗೇರು ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು ಗಾಡಿ ನಿಲ್ಲಿಸಿದೆ. ಆ ಸಂಜೆ ಪಕ್ಕದಲ್ಲಿ ನನ್ನ ಮಗ ಕೂತಿದ್ದ. ಈ ಲೇಖನಕ್ಕೆ ಅಷ್ಟು ಕಾರಣ ಸಾಕು.

ಸ್ಪ್ರಿಂಗಿನ ವಿಷಯವೂ ಹೀಗೆಯೇ. ಹೆಚ್ಚು ಹೊರೆ ಹೊರಲಿ ಎಂದು ಹಿಂದೆ ಎರಡು ಪ್ಲೇಟು ಸೇರಿಸುವುದು ನಮ್ಮಲ್ಲಿ ವಾಡಿಕೆ. ಹಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸೆಲ್ಲಿಗೂ ಚಾಸಿಗೂ ನಡುವೆ ಒಂದು ವಾಲ್ವ್ ಇರುತ್ತದೆ. ಗಾಡಿಯ ಹಿಂಭಾಗ ಎಷ್ಟು ತಗ್ಗಿದೆ ಎಂಬುದರ ಮೇಲೆ ಅದು ಹೊರೆಯನ್ನು ಅಳೆದು, ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಕೊಡಬೇಕೆಂದು ತೀರ್ಮಾನಿಸುತ್ತದೆ. ಪ್ಲೇಟು ಸೇರಿಸಿದರೆ ಹೊರೆ ತುಂಬಿದರೂ ಹಿಂಭಾಗ ತಗ್ಗುವುದಿಲ್ಲ. ಗಾಡಿ ಖಾಲಿಯಿದೆ ಎಂದುಕೊಳ್ಳುವ ವಾಲ್ವ್ ಹಿಂದಿನ ಬ್ರೇಕಿನ ಒತ್ತಡವನ್ನು ಮೊಟಕು ಮಾಡುತ್ತದೆ. ಹೊರೆ ಹೆಚ್ಚಿತು, ಹಿಡಿತ ಇಳಿಯಿತು. ಇದನ್ನು ಸುಧಾರಣೆ ಎಂದು ಹೇಗೆ ಕರೆಯೋಣ?

ನನ್ನ ವಾದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ, ಅದನ್ನು ತಳ್ಳಿಹಾಕಲಾರೆ. ‘ಹೊರೆ ಹೊತ್ತು ಏದುಸಿರು ಬಿಡುತ್ತ ಘಾಟಿ ಹತ್ತುವ ಗಾಡಿಯೂ ಅಪಾಯವೇ. ಹಿಂದಿನವರು ತಾಳ್ಮೆಗೆಟ್ಟು ತಿರುವಿನಲ್ಲೇ ಓವರ್‌ಟೇಕ್ ಮಾಡುತ್ತಾರೆ’ ಎನ್ನುತ್ತಾರೆ. ಸರಿಯಾದ ಮಾತು. ಆದರೆ ಮೂವತ್ತು ವರ್ಷದ ಡೀಸೆಲ್ ಎಂಜಿನ್ ಏದುಸಿರು ಬಿಡುವುದು ಬಹುಮಟ್ಟಿಗೆ ಸವಕಳಿಯಿಂದ, ಹುಟ್ಟುಗುಣದಿಂದಲ್ಲ. ಕಂಪ್ರೆಷನ್ ನೋಡಿಸಿ. ನಾಸಲ್ ಹನಿ ಉದುರಿಸುತ್ತಿದೆಯೋ ಮಂಜಿನಂತೆ ಸಿಂಪಡಿಸುತ್ತಿದೆಯೋ ಪರೀಕ್ಷಿಸಿ. ಪಂಪ್ ಕ್ಯಾಲಿಬ್ರೇಷನ್ ಮಾಡಿಸಿ. ಅಗತ್ಯ ಬಿದ್ದರೆ ಪಿಸ್ಟನ್ ರಿಂಗ್ ಹಾಕಿಸಿ. ಒಂದೇ ಬಳಗದ ಸುಮೋಗಳು ಊರೂರಿನಲ್ಲಿ ಓಡಿದ್ದರಿಂದ ಈ ಎಂಜಿನ್ನಿನ ಒಳಹೊರಗು ಬಲ್ಲ ಮೇಸ್ತ್ರಿಗಳು ಸಣ್ಣ ಪೇಟೆಗಳಲ್ಲೂ ಇದ್ದಾರೆ. ನಮ್ಮ ಗಾಡಿ ಇಷ್ಟರಲ್ಲೇ ತನ್ನ ಕಳೆದ ಶಕ್ತಿಯನ್ನು ಮರಳಿ ಪಡೆಯಿತು. ಅಷ್ಟು ಸಾಲದು ಎನ್ನುವವರು ಕಡಿಮೆ ಹೊರೆ ಹೇರಲಿ, ಇಲ್ಲವೇ ದೊಡ್ಡ ಗಾಡಿ ಕೊಳ್ಳಲಿ.

ಕಾನೂನೂ ಇದೇ ಕಡೆಗೆ ವಾಲುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊರತಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿ ಎತ್ತಿಹಿಡಿಯಿತು. ಗುಜರಿಯ ಬೇರೆ ಜಾತಿಯ ಎಂಜಿನ್ ಕೂರಿಸಿ ಆರ್‌ಸಿಯಲ್ಲಿ ಹಳೆಯ ನಂಬರನ್ನೇ ಉಳಿಸಿಕೊಂಡವರು, ಅಪಘಾತವಾದ ದಿನ ವಿಮೆಯವರ ಮುಂದೆ ಏನೆಂದು ಉತ್ತರಿಸುತ್ತಾರೆ? ಹಳದಿ ಬೋರ್ಡಿನ ಗಾಡಿಗೆ ಎಂಟು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸಲೇಬೇಕು. ಅದನ್ನು ಬರೀ ಕಾಗದದ ಕೆಲಸವೆಂದು ಮುಗಿಸುವ ಬದಲು, ಹೊರೆ ಹಾಕಿ ಬ್ರೇಕು ನೋಡಿಸುವ ದಿನವಾಗಿ ಬಳಸಿಕೊಳ್ಳುವುದು ಮಾಲೀಕನ ಕೈಯಲ್ಲಿದೆ.

ಹಾಗಾದರೆ ಸರಿಯಾದ ಕ್ರಮ ಯಾವುದು? ಮೊದಲು ಚಾಸಿ. ಸ್ಪ್ರಿಂಗ್ ಕೊಂಡಿಗಳ ಸಂದಿಯಲ್ಲಿ ಕೆಸರು ಕೂತು ಒಳಗಿಂದ ತುಕ್ಕು ತಿಂದಿರುತ್ತದೆ, ಸುತ್ತಿಗೆಯಿಂದ ತಟ್ಟಿದರೆ ಸದ್ದೇ ಹೇಳುತ್ತದೆ. ಬಣ್ಣ ಬಳಿದ ಮೇಲೆ ಆ ಸದ್ದು ಕೇಳುವವರಿಲ್ಲ. ಆಮೇಲೆ ಬ್ರೇಕು, ಸ್ಟೀರಿಂಗಿನ ಬಾಲ್ ಜಾಯಿಂಟು, ಟೈರು. ನಂತರ ವೈರಿಂಗ್. ಹೆಡ್‌ಲೈಟ್ ಮಂಕಾಗಿದೆಯೆಂದು ಎಲ್‌ಇಡಿ ಸಿಕ್ಕಿಸಿ ಎದುರಿನವರ ಕಣ್ಣು ಕುಕ್ಕುವುದು ಬೇಡ. ರಿಲೇ ಹಾಕಿ ದಪ್ಪ ವೈರು ಎಳೆದರೆ ಅದೇ 60/55 ವ್ಯಾಟಿನ ಹ್ಯಾಲೊಜನ್ ಬಲ್ಬು ತನ್ನ ಪೂರ್ಣ ಬೆಳಕು ಕೊಡುತ್ತದೆ. ಇಷ್ಟಾದ ಮೇಲೆ ಎಂಜಿನ್, ಕಟ್ಟಕಡೆಗೆ ಬಣ್ಣ.

ಕಳೆದ ಬೇಸಿಗೆಯಲ್ಲಿ ನಮ್ಮ 207 ಬಾಳೆಗೊನೆ ಹೇರಿಕೊಂಡು ಮತ್ತೆ ಆಗುಂಬೆ ಇಳಿಯಿತು. ಬಣ್ಣಕ್ಕೆ ದುಡ್ಡು ಉಳಿದಿರಲಿಲ್ಲ, ಬಲಬಾಗಿಲು ಇನ್ನೂ ಪ್ರೈಮರ್‌ನಲ್ಲೇ ಇದೆ. ಎರಡನೇ ಗೇರಿನಲ್ಲಿ, ನಡುನಡುವೆ ಮಾತ್ರ ಬ್ರೇಕು ಮುಟ್ಟುತ್ತ ಇಳಿಸಿದೆ. ಹಿಂದೆ ಬಂದವರಿಗೆ ಅಗಲ ಸಿಕ್ಕಲ್ಲಿ ದಾರಿ ಬಿಟ್ಟೆ. ಘಾಟಿಯ ಬುಡದ ಸೋಮೇಶ್ವರದಲ್ಲಿ ನಿಲ್ಲಿಸಿ, ನಾಲ್ಕೂ ಚಕ್ರಗಳ ಹತ್ತಿರ ಕೈ ಒಡ್ಡಿ ನೋಡಿದೆ. ಬೆಚ್ಚಗಿದ್ದವು, ಅಷ್ಟೇ.